ಮುಟ್ಟಲು ಮಾಡಿದ್ದು

ಚನ್ನಪಟ್ಟಣ
೨೨ ಫೆಬ್ರವರಿ ೨೦೦೯

ಪ್ರೀತಿಯ ಮೆಹ್ರೀನ್,

ಈ ಕಾಗದವನ್ನು ಹಾಸ್ಟೆಲಿನಲ್ಲಿ ಖುರ್ಷಿದಾ ನಿನಗೆ ಓದಿ ಹೇಳುತ್ತಾಳೆಂದು ಗೊತ್ತು. ಆದ್ದರಿಂದ ಮೊದಲು ಅವಳಿಗೆ ನಮಸ್ಕಾರ. ಅವಳ ಭೂತಗನ್ನಡಿಗೆ ಕಷ್ಟವಾಗಬಾರದೆಂದು ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ಐದನೆಯ ಕ್ಲಾಸಿನ ಮೇಲೆ ನಾನು ಇಷ್ಟು ಬರೆದದ್ದೇ ಇಲ್ಲ. ತಪ್ಪಿದ್ದರೆ ಅವಳೇ ತಿದ್ದಿಕೊಂಡು ಓದಲಿ.

ನಿಮ್ಮ ಅಬ್ಬಾನ ಕೆಲಸದ ಮನೆಯನ್ನು ನಾನು ಬಿಟ್ಟೆ. ಜಗಳವೇನೂ ಇಲ್ಲ. ಅಂಗಡಿಯವರೆಲ್ಲ ಪ್ಲಾಸ್ಟಿಕ್ ಗೊಂಬೆ ತರಿಸುತ್ತಿದ್ದಾರೆ, ವಾರದಲ್ಲಿ ಮೂರು ದಿನ ಗೊಂಬೆ ಕಡೆಯುವ ಮಿಷನ್ ಸುಮ್ಮನೆ ನಿಂತಿರುತ್ತದೆ. ನನ್ನ ಜತೆ ಕೆಲಸಕ್ಕಿದ್ದ ಫಿರೋಜಾ ಗಾರ್ಮೆಂಟ್ಸ್ ಬಸ್ಸು ಹತ್ತಿದಳು. ನನಗೆ ನಿಮ್ಮ ಅಬ್ಬಾ ಸಾಬ್ರೇ ಹೇಳಿ ಬೇರೆ ಕೆಲಸ ಕೊಡಿಸಿದರು. ಹೈವೇ ಪಕ್ಕ 'ಬೊಂಬೆಲೋಕ' ಎಂದು ಹೊಸ ಮ್ಯೂಸಿಯಂ ಆಗಿದೆ. ಬಿಡದಿ ಕಡೆಯ ಯಾವುದೋ ಕಾರ್ಖಾನೆಯವರು ಕಟ್ಟಿಸಿಕೊಟ್ಟಿದ್ದು. ನಾನು ಅಲ್ಲಿ ಹಾಲ್ ನೋಡಿಕೊಳ್ಳುವವಳು.

ಸ್ಟೂಲಿನ ಮೇಲೆ ಕೂತಿರಬೇಕು. ಯಾರಾದರೂ ಗಾಜಿನ ಮೇಲೆ ಕೈ ಇಟ್ಟರೆ "ಮುಟ್ಟಬೇಡಿ" ಎನ್ನಬೇಕು. ನನ್ನ ಗಂಟಲು ನಿನಗೆ ಗೊತ್ತಲ್ಲ. ಮೊದಲ ದಿನ ನಾನು ಹೇಳಿದ್ದು ನನಗೇ ಕೇಳಲಿಲ್ಲ. ಸೆಕ್ರೆಟರಿ ನಾಗರಾಜು ಸಾರ್ "ಏನಮ್ಮಾ, ಒಳಗೊಳಗೇ ಮಂತ್ರ ಹೇಳ್ತಿದೀಯಾ?" ಎಂದು ನಕ್ಕು, ಮರುದಿನ ಒಂದು ಪೀಪಿ ತಂದುಕೊಟ್ಟರು. ಈಗ ಊದುತ್ತೇನೆ. ಸ್ಕೂಲ್ ಮಕ್ಕಳು ಅದನ್ನು ಊದಿಸಲಿಕ್ಕೇ ಮುಟ್ಟುತ್ತಾರೆ.

ನಿನಗೆ ಖುಷಿಯಾಗುವ ಸುದ್ದಿ ಕೊನೆಗೆ ಇಟ್ಟಿದ್ದೇನೆ. ನಿನ್ನ ಟ್ರಂಕಿನಲ್ಲಿದ್ದ ಗೊಂಬೆಗಳನ್ನು ಸಾಬ್ರು ಮ್ಯೂಸಿಯಂಗೆ ಕೊಟ್ಟಿದ್ದಾರೆ. ನಿಮ್ಮ ಅಮ್ಮಿ ಮಾಡಿದ್ದವಂತೆ. ನಾನು ನೋಡಿದ್ದು ಇದೇ ಮೊದಲು. ಕೆಂಪು ಆನೆ, ಹಸಿರು ಬೆಟ್ಟ, ಹಳದಿ ಬಸ್ಸು, ಮೂಲೆಯಲ್ಲಿ ಒಂದು ಸಣ್ಣ ಬಾವಿ. ಎಷ್ಟು ಹೊಳೆಯುತ್ತವೆಂದರೆ ಆನೆಯ ಬೆನ್ನಿನಲ್ಲಿ ಟ್ಯೂಬ್‌ಲೈಟ್ ಕಾಣುತ್ತದೆ. 'ಅಂಧ ಮಗಳಿಗಾಗಿ ತಾಯಿ ಕಟ್ಟಿದ ಲೋಕ' ಎಂದು ಬೋರ್ಡ್ ಬರೆಸಿದ್ದಾರೆ, ಕೆಳಗೆ ಬದ್ರುನ್ನೀಸಾ ಎಂದು ಹೆಸರು. ಅವರು ಹೋಗಿ ಮೂರು ವರ್ಷವಾದ ಮೇಲೆ ಊರು ಅವರ ಹೆಸರು ಓದುತ್ತಿದೆ. ಕಂಪ್ಯೂಟರಿನಲ್ಲೂ ಹಾಕಿದ್ದಾರಂತೆ. ನೀನು ಅಲ್ಲಿ ಅದನ್ನೇ ಕಲಿಯುತ್ತಿದ್ದೀಯಲ್ಲ, ನೋಡು.

ನಿನ್ನ
ಭಾನುಪ್ರಿಯ


ಬೆಂಗಳೂರು
೯ ಮಾರ್ಚ್ ೨೦೦೯

ಭಾನು,

ಇದನ್ನು ನಾನೇ ಟೈಪು ಮಾಡಿದ್ದೇನೆ. ಯಾರ ಕೈಯಲ್ಲೂ ಬರೆಸಲಿಲ್ಲ.

ನನ್ನ ಟ್ರಂಕನ್ನು ನನ್ನನ್ನು ಕೇಳದೆ ತೆಗೆದರೇ?

ನಿನ್ನ ಕಾಗದವನ್ನು ಖುರ್ಷಿದಾ ಎರಡು ಸಲ ಓದಿದಳು. ಎರಡನೆಯ ಸಲ ನಾನು ಕೇಳಿದ್ದು ಒಂದೇ ಮಾತು, "ಹೊಳೆಯುತ್ತವೆ." ಸರಿಯಾಗಿ ನೋಡಿ ಹೇಳು. ಅಮ್ಮಿ ಆ ಗೊಂಬೆಗಳಿಗೆ ಒಂದು ಸಲವೂ ಅರಗು ಹಚ್ಚಿರಲಿಲ್ಲ. ಬಣ್ಣ ಇರಲೇ ಇಲ್ಲ. ಬರೀ ಆಲೆಮರ.

ಚಿಕ್ಕವಳಾಗಿದ್ದಾಗ ನಾನು ಆನೆ ಎಂದರೇನು ಎಂದು ಕೇಳಿದೆ. ಎಲ್ಲರೂ "ದೊಡ್ಡದು, ಕಪ್ಪಗಿರುತ್ತೆ" ಎಂದರು. ದೊಡ್ಡದು ಎಂದರೆ ಎಮ್ಮೆಯಷ್ಟೋ ಮಸೀದಿಯಷ್ಟೋ? ಕಪ್ಪಗೆ ಎಂದರೇನು? ಅಮ್ಮಿ ಏನೂ ಹೇಳಲಿಲ್ಲ. ಅಬ್ಬಾ ಊಟಕ್ಕೆ ಎದ್ದಾಗ ಅವರ ಸಣ್ಣ ಉಳಿ ತೆಗೆದುಕೊಂಡು ಕೂತಳು. ಆನೆಯ ಮೈಮೇಲೆಲ್ಲ ಉಳಿಯ ಕಚ್ಚು ಹಾಕಿದಳು, ಬೆರಳಿಟ್ಟರೆ ಒಣಗಿದ ಕೆರೆಯ ಮಣ್ಣಿನ ಹಾಗೆ ಬಿರುಕು ಬಿರುಕು. ಕಿವಿ ಮಾತ್ರ ತೆಳ್ಳಗೆ, ನುಣ್ಣಗೆ. ರಾಮನಗರದ ಬೆಟ್ಟಕ್ಕೆ ಒಂದು ಮಗ್ಗುಲು ಸೀಳಿದ ಮರವನ್ನು ಹಾಗೇ ಬಿಟ್ಟು, ನೀರು ಹರಿಯುವ ಬಂಡೆಯ ಕಡೆ ಉಜ್ಜಿ ಉಜ್ಜಿ ಜಾರುವಂತೆ ಮಾಡಿದಳು. ಬಸ್ಸಿನ ಬಾಗಿಲು ಯಾವ ಕಡೆಗೆ, ಮೆಟ್ಟಿಲು ಎಷ್ಟು ಎತ್ತರ, ಎಲ್ಲ ಬೆರಳಿಗೆ ಸಿಗುತ್ತಿತ್ತು. ನಾನು ಮೊದಲ ಸಲ ನಿಜವಾದ ಬಸ್ಸು ಹತ್ತಿದಾಗ ಯಾರೂ ನನ್ನ ಕೈ ಹಿಡಿಯಬೇಕಾಗಲಿಲ್ಲ, ಗೊತ್ತೇ?

"ಅರಗು ಕಣ್ಣಿರೋರ್ಗೆ ಬೇಟಿ, ನಿನ್ಗೆ ಮರಾನೇ ಮಾತಾಡ್ತದೆ" ಎನ್ನುತ್ತಿದ್ದಳು.

ಅವು ನೋಡಲು ಮಾಡಿದ್ದಲ್ಲ. ಮುಟ್ಟಲು ಮಾಡಿದ್ದು. ಅವುಗಳ ಮುಂದೆ ನೀನು ಪೀಪಿ ಹಿಡಿದು ಕೂತಿದ್ದೀಯ.

ಇನ್ನು ಕಂಪ್ಯೂಟರ್. ಇಲ್ಲಿ ನಮ್ಮ ಕಂಪ್ಯೂಟರ್ ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ. ನಮಗೆ ಕಲಿಸುವ ಕೃಷ್ಣಪ್ಪ ಮೇಷ್ಟ್ರಿಗೂ ಕಣ್ಣಿಲ್ಲ. ಇಬ್ಬರೂ ಕೂತು ಬೊಂಬೆಲೋಕದ ಪುಟ ತೆರೆದೆವು. ಅದು "ಗ್ರಾಫಿಕ್" ಎಂದಿತು. ಕೆಳಗೆ ಹೋದರೆ ಮತ್ತೆ "ಗ್ರಾಫಿಕ್." ಆಮೇಲೆ ಪುಟ ಮುಗಿಯಿತು. ಬರಹವನ್ನೂ ಚಿತ್ರ ಮಾಡಿ ಅಂಟಿಸಿದ್ದಾರಂತೆ. ನನ್ನ ಕಥೆಯನ್ನು ಇಡೀ ಲೋಕ ಓದಬಹುದು, ನಾನು ಮತ್ತು ನನ್ನಂಥವರು ಬಿಟ್ಟು.

ಅರಗು ಹಚ್ಚಿದವರು ಯಾರೆಂದು ಕೇಳಿ ಬರೆ.

ಮೆಹ್ರೀನ್


ಚನ್ನಪಟ್ಟಣ
೨೮ ಮಾರ್ಚ್ ೨೦೦೯

ಮೆಹ್ರೀನ್,

ಕೇಳಿದೆ. ಸಾಬ್ರು ಮಿಷನ್ ಮೇಲಿದ್ದರು. ಮೊದಲು ಕೇಳಿಸದವರಂತೆ ಬುಗುರಿ ಉಜ್ಜುತ್ತಲೇ ಇದ್ದರು. ಆಮೇಲೆ ಸ್ವಿಚ್ ಆರಿಸಿದರು.

"ನಾನೇ ಹಚ್ದೆ ಕಣವ್ವ. ಇನ್ಯಾರು ಹಚ್ತಾರೆ? ನಮ್ಮಪ್ಪನ ಕಾಲದಿಂದ ಈ ಬಾಗಿಲಿಂದ ಬರೀ ಮರ ಆಚೆಗೆ ಹೋಗಿಲ್ಲ. ದೊಡ್ಡ ದೊಡ್ಡೋರು ಬತ್ತಾರೆ, ಹೆಸ್ರು ಬರೀತೀವಿ ಅಂದ್ರು. ಉಳಿ ಗಾಯ ಕಾಣೋ ಹಂಗೇ ಕೊಟ್ರೆ ಜನ ಏನಂತಾರೆ? ವಹಾಬನ ಹೆಂಡ್ತಿಗೆ ಕೆಲ್ಸ ಬತ್ತಿರ್ಲಿಲ್ಲ ಅನ್ನಲ್ವಾ? ಮಗಳ್ನ ಮದ್ವೆಗೆ ಕಳಿಸೋ ಹಂಗೆ ಸಿಂಗಾರ ಮಾಡಿ ಕಳಿಸ್ದೆ."

"ಮರಳು ಕಾಗದ ಹಾಕಿದ್ರಾ?" ಎಂದೆ.

"ಇಲ್ಲ. ಅವಳ ಉಳಿ ಗುರ್ತು ಅಳಿಸಕ್ಕೆ ಮನ್ಸು ಬರ್ಲಿಲ್ಲ. ಸ್ಪಿರಿಟ್‌ನಾಗೆ ಅರಗು ಕರಗ್ಸಿ ಬ್ರಷ್‌ನಾಗೆ ತುಂಬ್ದೆ. ಕಚ್ಚೆಲ್ಲ ಮುಚ್ಚೋಗಂಟ."

"ತೆಗೆಯಕ್ಕೆ ಆಯ್ತದಾ ಸಾಬ್ರೇ?"

"ಸ್ಪಿರಿಟ್ ಹಾಕಿ ಉಜ್ಜಿದ್ರೆ ಬತ್ತದೆ. ಅದ್ರ ಜತೆ ಮರದ ನಾರೂ ಎದ್ದು ಬತ್ತದೆ. ಆಮೇಕೆ ಯಾವ್ದು ಅವಳ ಉಳೀದು, ಯಾವ್ದು ಸ್ಪಿರಿಟ್ಟು ಎಬ್ಬಿಸಿದ್ದು, ಅಲ್ಲಾಗೇ ಗೊತ್ತು." ಹಾಗಂದು ಕೈ ಒರೆಸಿಕೊಂಡು ಕೇಳಿದರು, "ಯಾಕೆ? ಮೆಹ್ರೀನ್ ಏನಾರಾ ಬರ್ದವ್ಳಾ?"

ನಾನು ಕೆಳಗೆ ಬಿದ್ದಿದ್ದ ಮರದ ಹೊಟ್ಟು ಗುಡಿಸತೊಡಗಿದೆ. ಅವರು ಮಿಷನ್ ಹಾಕಿದರು.

ಬಸ್‌ಸ್ಟ್ಯಾಂಡ್ ಹತ್ತಿರ ಸೈಬರ್ ಅಂಗಡಿ ಇಟ್ಟಿರುವ ತೌಹೀದ್ ಆ ಪುಟ ಮಾಡಿಕೊಟ್ಟವನು. ಅವನ ಅಂಗಡಿಗೆ ಹೋಗಿ ನೋಡಿದೆ. ನಿನ್ನ ಚಿಕ್ಕಂದಿನ ಫೋಟೋ ಇದೆ, ಎರಡು ಜಡೆ, ಕೈಯಲ್ಲಿ ಬಸ್ಸು. ಪಕ್ಕದಲ್ಲಿ ಬರೆದಿರುವುದನ್ನು ಹಾಗೇ ಬರೆಯುತ್ತೇನೆ: "ಮಹಾತಾಯಿ ಬದ್ರುನ್ನೀಸಾ ತನ್ನ ಅಂಧ ಪುತ್ರಿಯ ಕತ್ತಲ ಬಾಳಿನಲ್ಲಿ ವರ್ಣಮಯ ಬೊಂಬೆಗಳಿಂದ ಬೆಳಕು ತುಂಬಿದಳು. ಆ ಅಭಾಗ್ಯ ಬಾಲೆಗೆ ಬಣ್ಣವೇ ಆಸರೆಯಾಯಿತು."

ನಾಗರಾಜು ಸಾರ್ ಬರೆದದ್ದು. ನನಗೆ ಓದುವಾಗ ಕಿವಿ ಬಿಸಿಯಾಯಿತು. ಹೋದ ಕಾಗದದಲ್ಲಿ ನಾನೂ "ಖುಷಿಯಾಗುವ ಸುದ್ದಿ" ಎಂದು ಬರೆದಿದ್ದೆನಲ್ಲ ಎಂದು ಇನ್ನೂ ಬಿಸಿಯಾಯಿತು.

ಭಾನು


ಚನ್ನಪಟ್ಟಣ
೨ ಜೂನ್ ೨೦೦೯

ಮೆಹ್ರೀನ್,

ನಿನ್ನಿಂದ ಉತ್ತರವಿಲ್ಲ. ರಜೆಗೂ ಬರಲಿಲ್ಲ. ನೀನು ಬರುತ್ತೀಯೆಂದು ಸಾಬ್ರು ಎರಡು ಸಲ ರೈಲ್ವೆ ಸ್ಟೇಷನ್ನಿಗೆ ಹೋಗಿ ಬಂದರು. ಬೇರೆ ಕೆಲಸಕ್ಕೆ ಹೋಗಿದ್ದೆ ಎಂದು ಹೇಳಿದರು.

ನಿನ್ನೆ ನನ್ನನ್ನು ಕೂರಿಸಿಕೊಂಡು, "ಒಸಿ ಬರ್ಕೊ" ಎಂದರು. ಬರೆದದ್ದು ಇಷ್ಟು:

"ಬೇಟಿ, ನಿನ್ನ ಅಬ್ಬಾ ಬರೆಸುವುದು. ಮಾವಿನಹಣ್ಣು ಬಂದಿದೆ, ಒಂದು ಬುಟ್ಟಿ ಕಳಿಸಿದ್ದೇನೆ. ನಿನ್ನ ಅಮ್ಮಿಯ ಹೆಸರು ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ. ನಾನು ದಿನಾ ಆ ದಾರಿಯಲ್ಲೇ ಬರುತ್ತೇನೆ."

"ಇನ್ನೇನ್ ಬರೀಲಿ?" ಎಂದೆ. "ಅಷ್ಟೇ. ಹಣ್ಣಿನ ವಿಷ್ಯ ಬರ್ದೆಯಲ್ಲ?" ಎಂದರು.

ಭಾನು


ಬೆಂಗಳೂರು
೨೦ ಜೂನ್ ೨೦೦೯

ಭಾನು,

ಮೂರು ತಿಂಗಳು ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯಲಿಲ್ಲ. ಅಬ್ಬಾ ಮೇಲೆ ಮಾಡಿದರೆ ಸ್ಟೇಷನ್ನಿನಲ್ಲಿ ನಿಂತ ಅವರೇ ಮನಸ್ಸಿಗೆ ಬರುತ್ತಾರೆ. ಅವರಿಗೆ ಗೊತ್ತಿದ್ದ ಮರ್ಯಾದೆ ಅದೊಂದೇ, ಅರಗಿನದು. ಅದನ್ನು ಅಮ್ಮಿಗೆ ಹಚ್ಚಿದರು. ಅವರಿಗೆ ಇದನ್ನು ಓದಿ ಹೇಳಬೇಡ. ಹಣ್ಣು ಚೆನ್ನಾಗಿತ್ತು ಎಂದಷ್ಟು ಹೇಳು.

ಆದರೆ ಮ್ಯೂಸಿಯಂನವರಿಗೆ ಏನಾಗಿದೆ? ಕಣ್ಣಿಲ್ಲದವಳಿಗಾಗಿ ಮಾಡಿದ್ದು ಎಂದು ಅವರೇ ಬರೆದುಕೊಂಡು, ಕಣ್ಣಿಲ್ಲದವರ ಕೈಗೆ ಸಿಗದಂತೆ ಗಾಜು ಹಾಕಿದ್ದಾರೆ. ಹಾಗೆ ಬರೆಯುವಾಗ ಒಬ್ಬರಿಗೂ ತಡೆಯಲಿಲ್ಲವೇ? ಅಷ್ಟು ಜನ ಕಣ್ಣಿರುವವರಲ್ಲಿ ಒಬ್ಬರಿಗೂ ಕಾಣಲಿಲ್ಲವೇ?

ಅರಗು ಎಲ್ಲ ಕಡೆಯೂ ತುಂಬಿದೆಯೋ ಇಲ್ಲವೋ ನೋಡಿ ಹೇಳುವವರು ಯಾರೂ ಇಲ್ಲ. ನೀನು ಗಾಜಿನಾಚೆಯಿಂದ ನೋಡಿದರೆ ಹೊಳಪು ಕಾಣುತ್ತದೆ, ಅಷ್ಟೆ. ಅಮ್ಮಿಯ ಕೈ ಎಲ್ಲಾದರೂ ಉಳಿದಿದ್ದರೆ ಅದು ನನ್ನ ಬೆರಳಿಗೆ ಮಾತ್ರ ಗೊತ್ತಾಗಬೇಕು. ಒಂದು ಕಚ್ಚಾದರೂ ಉಳಿದಿದೆಯೋ ಎಂದು ನನಗೆ ತಿಳಿಯಬೇಕು ಭಾನು. ಬೇರೇನೂ ಬೇಡ.

ನಾಗರಾಜು ಅವರಿಗೆ ಬರೆದಿದ್ದೇನೆ. ಎರಡೇ ಕೇಳಿದ್ದೇನೆ. ಒಂದು, ಗಾಜು ತೆಗೆದು ನನಗೂ ನನ್ನಂಥವರಿಗೂ ಬರಿಗೈಯಲ್ಲಿ ಮುಟ್ಟಲು ಬಿಡಿ. ಎರಡು, ಪುಟದಲ್ಲಿ ಪ್ರತಿ ಚಿತ್ರದ ಹಿಂದೆ ಒಂದು ಸಾಲು ಬರೆಯಿರಿ. ಚಿತ್ರದ ಹಿಂದೆ ಹಾಗೆ ಬರೆಯಲು ಜಾಗ ಇರುತ್ತದೆ. ಕಣ್ಣಿರುವವರಿಗೆ ಅದು ಕಾಣುವುದಿಲ್ಲ, ಮಾತಾಡುವ ಕಂಪ್ಯೂಟರ್ ಮಾತ್ರ ಓದುತ್ತದೆ. ಈಗ ಕನ್ನಡ ಓದುವ ದನಿಯೂ ಬಂದಿದೆ, ನೆಗಡಿ ಬಂದವರ ಹಾಗೆ ಓದುತ್ತದೆ, ಆದರೂ ಓದುತ್ತದೆ. ಒಂದು ಬೆಳಗಿನ ಕೆಲಸ ಎಂದರು ಕೃಷ್ಣಪ್ಪ ಮೇಷ್ಟ್ರು.

ಮೆಹ್ರೀನ್


ಬೊಂಬೆಲೋಕ ಟ್ರಸ್ಟ್
ಚನ್ನಪಟ್ಟಣ
೧೭ ಆಗಸ್ಟ್ ೨೦೦೯

ಕುಮಾರಿ ಮೆಹ್ರೀನ್ ಅವರಿಗೆ,

ತಮ್ಮ ಪತ್ರ ತಲುಪಿದೆ. ವಿಕಲಚೇತನರ ಬಗ್ಗೆ ನಮ್ಮ ಸಂಸ್ಥೆಗೆ ಅಪಾರ ಅನುಕಂಪವಿದ್ದು, ತಮ್ಮ ಮಾತೃಶ್ರೀಯವರ ಸಂಗ್ರಹವೇ ಅದಕ್ಕೆ ಸಾಕ್ಷಿಯಾಗಿದೆ.

ಪ್ರದರ್ಶಿತ ವಸ್ತುಗಳನ್ನು ಬರಿಗೈಯಲ್ಲಿ ಮುಟ್ಟುವುದರಿಂದ ಹೊಳಪು ಕುಂದುವ ಸಂಭವವಿರುತ್ತದೆ. ಆದಾಗ್ಯೂ ವಿಶೇಷ ಪ್ರಕರಣವೆಂದು ಪರಿಗಣಿಸಿ, ಡಿಸೆಂಬರ್ ೩ರ ವಿಶ್ವ ವಿಕಲಚೇತನರ ದಿನದಂದು ಮುಖ್ಯ ಅತಿಥಿಗಳ ಸಮ್ಮುಖದಲ್ಲಿ ತಾವು ಸದರಿ ಬೊಂಬೆಗಳನ್ನು ಸ್ಪರ್ಶಿಸಲು ಅನುಮತಿಸಲಾಗಿದೆ. ಕೈಗವಸುಗಳನ್ನು ಟ್ರಸ್ಟ್ ವತಿಯಿಂದ ಒದಗಿಸಲಾಗುವುದು.

ಜಾಲತಾಣದ ಬದಲಾವಣೆಗೆ ಸದ್ಯ ಅನುದಾನ ಇರುವುದಿಲ್ಲ. ದೃಷ್ಟಿಯುಳ್ಳ ಸಹಾಯಕರೊಬ್ಬರ ನೆರವಿನಿಂದ ತಾವು ಅದನ್ನು ವೀಕ್ಷಿಸಬಹುದು.

ಇಂತಿ ತಮ್ಮ ವಿಶ್ವಾಸಿ
ನಾಗರಾಜು
ಕಾರ್ಯದರ್ಶಿ


ಬೆಂಗಳೂರು
೨೫ ಆಗಸ್ಟ್ ೨೦೦೯

ಭಾನು,

ಕೈಗವಸು!

ಖುರ್ಷಿದಾ ಓದುತ್ತಾ ಆ ಮಾತಿಗೆ ಬಂದು ನಿಲ್ಲಿಸಿಬಿಟ್ಟಳು. "ಮುಂದೆ ಓದಲಾ?" ಎಂದಳು. ಮೇಷ್ಟ್ರು ಪಕ್ಕದಲ್ಲಿದ್ದರು. "ಆ ಸಾರ್‌ಗೆ ಒಂದು ಕಾಗ್ದ ಹಾಕವ್ವ. ನಿಮ್ಮ ಮ್ಯೂಸಿಯಂಗೆ ಬರೋ ಎಲ್ಲಾರ್ಗೂ ಕಣ್ಣಿಗೆ ಬಟ್ಟೆ ಕಟ್ಟಿ ಒಳಕ್ಕೆ ಬುಡಿ, ನೋಡಿ ನೋಡಿ ಬಣ್ಣ ಮಾಸ್ತದೆ ಅಂತ" ಎಂದರು. ಎಲ್ಲರೂ ನಕ್ಕೆವು. ನಗು ಮುಗಿದ ಮೇಲೆ ನನಗೆ ಅಳು ಬಂತು. ಅದು ದುಃಖದ ಅಳುವಲ್ಲ, ಬರೆದುಕೊ.

ಹೊಳಪು ಕುಂದುತ್ತದಂತೆ. ಆ ಹೊಳಪು ಕುಂದಲಿ ಎಂದೇ ನಾನು ಕೇಳುತ್ತಿರುವುದು.

ನಾನು ಬರುತ್ತೇನೆ.

ಮೆಹ್ರೀನ್


ಚನ್ನಪಟ್ಟಣ
೬ ಡಿಸೆಂಬರ್ ೨೦೦೯

ಮೆಹ್ರೀನ್,

ನೀನು ಯಾರ ಹತ್ತಿರವೂ ಮಾತಾಡದೆ ಸಂಜೆಯ ರೈಲಿಗೆ ಹೊರಟುಹೋದೆ. ಅಬ್ಬಾನ ಹತ್ತಿರವೂ ಇಲ್ಲ, ನನ್ನ ಹತ್ತಿರವೂ ಇಲ್ಲ. ಅಲ್ಲಿ ಆದದ್ದರಲ್ಲಿ ಅರ್ಧ ನಿನಗೆ ಕೇಳಿಸಿರುತ್ತದೆ. ಕಂಡದ್ದನ್ನು ನಾನು ಹೇಳುತ್ತೇನೆ.

ನೀನು ಬರುವ ಮೊದಲು ಬಾಗಿಲಲ್ಲಿ ಅಂಕಯ್ಯನ ಗಲಾಟೆ ಆಯಿತು. ಮೂರು ಚಕ್ರದ ಸೈಕಲ್ಲಿನಲ್ಲಿ ಸ್ಟವ್ ರಿಪೇರಿಗೆ ಬರುತ್ತಾನಲ್ಲ, ಅವನು. ಅವನನ್ನೂ ಸನ್ಮಾನಕ್ಕೆ ಕರೆದಿದ್ದರು. ಮೆಟ್ಟಿಲ ಪಕ್ಕ ಅವನಂಥವರಿಗೆಂದೇ ಇಳಿಜಾರು ಕಟ್ಟಿಸಿದ್ದಾರೆ, ಆದರೆ ಚೆಂದ ಕಾಣಲೆಂದು ಪಾಲಿಶ್ ಮಾಡಿದ ಗ್ರಾನೈಟ್ ಹಾಸಿದ್ದಾರೆ. ಅರ್ಧ ಹತ್ತಿ ಸೈಕಲ್ಲು ಹಿಂದಕ್ಕೆ ಜಾರಿತು. ನಾಗರಾಜು ಸಾರ್ ಮೇಲಿಂದ, "ಅಂಕಯ್ಯನೋರೆ, ಅಲ್ಲೇ ಇರಿ, ಹಾರ ಅಲ್ಲಿಗೇ ತತ್ತೀವಿ" ಎಂದರು. ಅಂಕಯ್ಯ ಬಿಟ್ಟಾನೆಯೇ? "ಹಾರ ಮೆಟ್ಲು ಇಳೀತದೆ, ನಾನು ಹತ್ತಂಗಿಲ್ಲ. ಹೂವಿಗಿರೋ ಕಾಲು ನಂಗಿಲ್ವಲ್ಲ ಸಾಮಿ! ಆ ಹಾರ್ವೇ ಒಳಗೆ ಕೂತ್ಕೊಂಡು ಭಾಷಣ ಕೇಳ್ಲಿ ಬುಡಿ" ಎಂದು ಸೈಕಲ್ ತಿರುಗಿಸಿಕೊಂಡು ಹೋದ. ಆ ಹಾರವನ್ನೇ ನಿನ್ನ ಕೊರಳಿಗೆ ಹಾಕಿದ್ದು.

ಕಾರ್ಖಾನೆಯ ದೊಡ್ಡ ಸಾಹೇಬರು ಬಂದ ಮೇಲೆ ಗಾಜು ತೆಗೆದರು. ಕೈಗವಸಿನ ತಟ್ಟೆ ಹಿಡಿದು ನಿಂತವಳು ನಾನು. ನೀನು ಒಂದನ್ನು ಮುಟ್ಟಿ ನೋಡಿ ತಟ್ಟೆಗೇ ಹಾಕಿದೆ. ಫೋಟೋದವನು "ಮೇಡಂ, ಅದ್ನ ಹಾಕ್ಕೊಳಿ, ಫೋಟೋಗೆ ಚೆಂದಾಗಿ ಬತ್ತದೆ" ಎಂದ. ನೀನು ಬರಿಗೈ ಚಾಚಿದೆ. ನಾಗರಾಜು ಸಾರ್ ನನ್ನ ಕಡೆ ಬಗ್ಗಿ, ಹಲ್ಲು ಕಚ್ಚಿಕೊಂಡು, "ಭಾನು, ಪೀಪಿ ಊದು" ಎಂದರು. ಅತಿಥಿಗಳ ಮುಂದೆ ಅವರು ನಿನ್ನ ಕೈ ಹಿಡಿದು ಎಳೆಯುವ ಹಾಗಿರಲಿಲ್ಲ. ಅದು ನನ್ನ ಕೈಯಿಂದ ಆಗಬೇಕಿತ್ತು.

ನನ್ನ ಬಾಯಲ್ಲಿ ಹೇಗೆ ಬಂತೋ. "ಮುಟ್ಲಿ ಬುಡಿ ಸಾರ್. ಅವ್ಳಿಗೆ ಮಾಡಿದ್ದು ಅದು" ಎಂದೆ. ಮೈಕು ಅಲ್ಲೇ ಇತ್ತು. ನನ್ನ ದನಿ ಹಾಲಿನ ಗೋಡೆಗೆ ಬಡಿದು ನನಗೇ ವಾಪಸ್ಸು ಕೇಳಿತು. ಇಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ. ದೊಡ್ಡ ಸಾಹೇಬರು ಚಪ್ಪಾಳೆ ತಟ್ಟಿದರು, ಕಾರ್ಯಕ್ರಮದಲ್ಲಿ ಅದೂ ಇದೆ ಎಂದುಕೊಂಡರೇನೋ. ಆಮೇಲೆ ಎಲ್ಲರೂ ತಟ್ಟಿದರು. ಆ ಚಪ್ಪಾಳೆಯಿಂದಲೇ ನಾಗರಾಜು ಸಾರ್ ಸುಮ್ಮನಾದದ್ದು.

ನೀನು ಆನೆ ತೆಗೆದುಕೊಂಡೆ. ಹೆಬ್ಬೆರಳಿನಿಂದ ಬೆನ್ನು ಉಜ್ಜಿದೆ, ಹೊಟ್ಟೆ ಉಜ್ಜಿದೆ, ಇಟ್ಟುಬಿಟ್ಟೆ. ಬೆಟ್ಟ ತೆಗೆದುಕೊಂಡೆ, ಅದನ್ನು ಇನ್ನೂ ಬೇಗ ಇಟ್ಟೆ. ಬಸ್ಸನ್ನು ಎತ್ತಲೂ ಇಲ್ಲ, ಮೇಲೆ ಒಂದು ಸಲ ಸವರಿದೆ. ಸಾಬ್ರು ಕಂಬಕ್ಕೆ ಒರಗಿ ನಿಂತಿದ್ದರು. ನೀನು ಒಂದೊಂದು ಕೆಳಗಿಟ್ಟಾಗಲೂ ಅವರ ತುಟಿ ಅಲುಗುತ್ತಿತ್ತು. ನಿನ್ನನ್ನೇ ನೋಡುತ್ತಿದ್ದವರು ಆಮೇಲೆ ತಮ್ಮ ಕೈ ನೋಡಿಕೊಂಡರು.

ಕೊನೆಗೆ ಮೂಲೆಯಲ್ಲಿದ್ದ ಸಣ್ಣ ಬಾವಿ. ಲೋಟದಷ್ಟು ಇದೆ, ಬಾಯಿ ಮಾತ್ರ ಬೆರಳಿನಷ್ಟು ಕಿರಿದು. ಅದರೊಳಗೆ ನೀನು ತೋರುಬೆರಳು ಬಿಟ್ಟೆ. ಬಿಟ್ಟವಳು ತೆಗೆಯಲಿಲ್ಲ. ಆಗ ನಿನ್ನ ಮುಖ ಬದಲಾಯಿತು. ಹೇಗೆ ಎಂದು ಬರೆಯಲು ನನಗೆ ಬರುವುದಿಲ್ಲ. ಫೋಟೋದವನೂ ಫೋಟೋ ತೆಗೆಯುವುದನ್ನು ಬಿಟ್ಟ.

ಆಮೇಲೆ ನಾಗರಾಜು ಸಾರ್ ಮೈಕು ಹಿಡಿದು "ಹೇಗನ್ನಿಸ್ತಮ್ಮಾ, ನಾಲ್ಕು ಮಾತು" ಎಂದದ್ದೂ, ನೀನು "ನನ್ನ ಮಾತು ಕಾಗದದಲ್ಲಿ ಬರೆದಿದ್ದೆ, ನೀವು ಓದಿದ್ದೀರಿ" ಎಂದದ್ದೂ ನಿನಗೇ ಗೊತ್ತು.

ಬಾವಿಯೊಳಗೆ ಏನಿತ್ತು? ಸಾಬ್ರು ಕೇಳುವುದಿಲ್ಲ. ಆದರೆ ಮೂರು ದಿನದಿಂದ ಮಿಷನ್ ಹಾಕಿಲ್ಲ.

ಭಾನು


ಬೆಂಗಳೂರು
೧೪ ಡಿಸೆಂಬರ್ ೨೦೦೯

ಭಾನು,

ಆನೆಯಲ್ಲಿ ಏನೂ ಇಲ್ಲ. ಸೋಡಾ ಬಾಟಲಿ ಹಿಡಿದ ಹಾಗಿತ್ತು. ಬೆಟ್ಟವೂ ಅದೇ ಬಾಟಲಿ, ಬಸ್ಸೂ ಅದೇ. ಅಷ್ಟು ಜನರ ಮುಂದೆ ನನ್ನ ಬಾಲ್ಯವೆಲ್ಲ ಒಂದೇ ತರಹ ಜಾರುತ್ತಿತ್ತು. ಓಡಿಹೋಗೋಣ ಎನ್ನಿಸಿತು. ಯಾವ ಕಡೆ ಬಾಗಿಲೆಂದು ಗೊತ್ತಿದ್ದರೆ ಓಡುತ್ತಿದ್ದೆನೇನೋ.

ಬಾವಿಯ ಒಳಗೆ ಅಬ್ಬಾನ ಬ್ರಷ್ ಹೋಗಿಲ್ಲ.

ಒಳಗೆ ಅಮ್ಮಿ ಹಾಗೇ ಇದ್ದಾಳೆ. ಸುತ್ತಲೂ ಕಲ್ಲು ಕಟ್ಟಿದ ಹಾಗೆ ಉಳಿಯ ಕಚ್ಚು. ಒಂದು ಕಡೆ ಇಳಿಯುವ ಮೆಟ್ಟಿಲು. ಕೆಳಗೆ ಹೋದಂತೆ ಒರಟು ಕಡಿಮೆಯಾಗುತ್ತಾ ತಳದಲ್ಲಿ ನುಣ್ಣಗೆ, ಅಲ್ಲಿ ನೀರು. ಎಲ್ಲೋ ಒಂದು ಕಡೆ ಉಳಿ ಜಾರಿ ಗೀರು ಬಿದ್ದಿದೆ. ಅವಳು ಅವತ್ತು "ಯಾ ಅಲ್ಲಾ" ಎಂದು ಬೆರಳು ಬಾಯಿಗಿಟ್ಟುಕೊಂಡದ್ದು ನನಗೆ ಕೇಳಿಸಿತ್ತು. ಆ ಗೀರು ಇದೆ.

ಆ ಬಾಯಿ ಎಷ್ಟು ಕಿರಿದೆಂದು ನೋಡು. ಕೈಗವಸು ಹಾಕಿದ ಬೆರಳು ಅದರೊಳಗೆ ಹೋಗುತ್ತಿರಲಿಲ್ಲ. ಅವರ ಅಪ್ಪಣೆಯಂತೆ ನಡೆದಿದ್ದರೆ, ಏನೂ ಉಳಿದಿಲ್ಲ ಎಂದುಕೊಂಡೇ ನಾನು ಬದುಕಬೇಕಾಗಿತ್ತು. ಇನ್ನೆಷ್ಟು ಜನಕ್ಕೆ ಹೀಗೆ ಗವಸು ತೊಡಿಸಿ, ಕೊಟ್ಟೆವಲ್ಲ ಎಂದು ಫೋಟೋ ತೆಗೆಸಿಕೊಂಡಿದ್ದಾರೋ.

ಮೈಕಿನಲ್ಲಿ ಹೇಳಲಿಲ್ಲ ಏಕೆಂದರೆ ಹೇಳಿದ್ದರೆ ಅದಕ್ಕೂ ಚಪ್ಪಾಳೆ ತಟ್ಟುತ್ತಿದ್ದರು.

ಅಬ್ಬಾಗೆ ಹೇಳು, ಬಾವಿಯಲ್ಲಿ ಅಮ್ಮಿ ಇದ್ದಾಳೆ, ಬಂದು ಬೆರಳಿಟ್ಟು ನೋಡಿ ಎಂದು. ಆನೆಗೆ ಸ್ಪಿರಿಟ್ ಹಾಕುವುದು ಬೇಡ. ಜನ ಮುಟ್ಟಲಿ. ಅರಗು ಸವೆಯುತ್ತದೆ. ಬಾಗಿಲ ಚಿಲಕ ಸವೆಯುತ್ತದೆ, ಒರಳು ಸವೆಯುತ್ತದೆ, ಇದು ಯಾವ ಲೆಕ್ಕ?

ಕಾರ್ಖಾನೆಯವರ ಆಫೀಸಿಗೆ ಮೇಷ್ಟ್ರು ಫೋನ್ ಮಾಡಿದ್ದಾರೆ. ನಿಮ್ಮ ಹಣದ ಪುಟ ಕುರುಡರಿಗೆ ಮೂಕವಾಗಿದೆ ಎಂದಿದ್ದಾರೆ. ಏನಾಗುತ್ತದೋ ನೋಡೋಣ.

ನಿನ್ನ ದನಿ ಚೆನ್ನಾಗಿತ್ತು ಭಾನು.

ನಿನ್ನ
ಮೆಹ್ರೀನ್


ಚನ್ನಪಟ್ಟಣ
೩೦ ಡಿಸೆಂಬರ್ ೨೦೦೯

ಪ್ರೀತಿಯ ಮೆಹ್ರೀನ್,

ಸಾಬ್ರನ್ನು ಮ್ಯೂಸಿಯಂಗೆ ಕರೆದುಕೊಂಡು ಹೋದೆ. ಗಾಜಿಗೆ ಮತ್ತೆ ಬೀಗ ಹಾಕಿದ್ದಾರೆ, ಆದರೆ ಧೂಳು ಒರೆಸುವುದು ನಾನೇ ಆದ್ದರಿಂದ ಬೀಗದ ಕೈ ನನ್ನ ಹತ್ತಿರ ಇರುತ್ತದೆ. ಅವರ ಬೆರಳು ದಪ್ಪ, ಬಾವಿಯೊಳಗೆ ಹೋಗಲಿಲ್ಲ. ಕಿರುಬೆರಳು ಹೋಯಿತು. "ಇಲ್ಲೇ ಅವ್ಳೆ" ಎಂದರು. ಆಮೇಲೆ "ಬ್ರಷ್ಷು ದಪ್ಪ ಇದ್ದಿದ್ದೇ ಒಳ್ಳೇದಾಯ್ತು" ಎಂದು ನಗಲು ಹೋದರು, ಆಗಲಿಲ್ಲ. ಮರುದಿನ ಮಿಷನ್ ಹಾಕಿದರು.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಅಷ್ಟು ಸಂಬಳಕ್ಕೆ ಬೇರೆ ಯಾರೂ ಸಿಗಲಿಲ್ಲ. ಪೀಪಿ ಮಾತ್ರ ವಾಪಸ್ಸು ಇಸಿದುಕೊಂಡರು. "ನಿಂಗೆ ಗಂಟ್ಲು ಬಂದೈತಲ್ಲ" ಎಂದರು ನಾಗರಾಜು ಸಾರ್.

ಮೇಷ್ಟ್ರ ಫೋನು ಕೆಲಸ ಮಾಡಿದೆ. ಕಾರ್ಖಾನೆಯವರು ಇವರನ್ನು ಕೇಳಿದರಂತೆ. ಸಾರ್ ಸಿಡುಕಿಕೊಂಡು ತೌಹೀದನ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದರು. ಚಿತ್ರದ ಹಿಂದೆ ಸಾಲು ಬರೆಯಬೇಕೆಂದು ತೌಹೀದ್ ಹೇಳಿದಾಗ, "ಅದು ಪುಟದಾಗೆ ಕಾಣ್ತದೇನ್ಲಾ?" ಎಂದರು.

"ಇಲ್ಲ ಸಾರ್. ಕಣ್ಣಿಲ್ದೋರ ಕಂಪ್ಯೂಟರ್‌ಗೆ ಮಾತ್ರ ಕೇಳ್ತದೆ."

"ಕಾಣದಿದ್ಮೇಲೆ ಏನಾರಾ ಹಾಕ್ಬುಡು. ಯಾರು ನೋಡ್ತಾರೆ? ಇವ್ಳೇ ಬರ್ಕೊಡ್ತಾಳೆ" ಎಂದು ಹೊರಟುಹೋದರು.

ಆದ್ದರಿಂದ ನಾನೇ ಬರೆದಿದ್ದೇನೆ. ಆ ಮಹಾತಾಯಿ, ಕತ್ತಲ ಬಾಳು ಎಲ್ಲ ಮುಂದೆ ಹಾಗೇ ಇದೆ. ಕಣ್ಣಿರುವವರು ಅದನ್ನೇ ಓದುತ್ತಾರೆ. ಹಿಂದೆ ಇರುವುದು ಬೇರೆ. ತೌಹೀದ್ ಟೈಪು ಮಾಡುವಾಗ ಒಂದು ಸಲ ನನ್ನ ಮುಖ ನೋಡಿದ, ಆಮೇಲೆ ಒಂದಕ್ಷರ ಬಿಡದೆ ಹಾಕಿದ. ನೀನು ಇವತ್ತೇ ಆ ಪುಟ ತೆರೆದು ಕೇಳು. ಅದನ್ನು ಕೇಳಿದ ಮೇಲೆ ಖುರ್ಷಿದಾ ಇಲ್ಲಿಂದ ಮುಂದಿನದನ್ನು ಓದಿದರೆ ಒಳ್ಳೆಯದು.

ಆನೆಯ ಹಿಂದೆ: "ಇದು ಆನೆ. ಕಣ್ಣು ಕಾಣದ ಮಗಳು ಮುಟ್ಟಿ ತಿಳಿಯಲೆಂದು ಬದ್ರುನ್ನೀಸಾ ಕೆತ್ತಿದ್ದು. ಇದರ ಮೈ ಒರಟಾಗಿತ್ತು. ನೋಡುವವರಿಗೆ ಚೆಂದ ಕಾಣಲೆಂದು ಅರಗು ಹಚ್ಚಿ ಅದನ್ನು ಮುಚ್ಚಿದ್ದೇವೆ. ಮಗಳನ್ನು ಕೇಳಲಿಲ್ಲ."

ಬಾವಿಯ ಹಿಂದೆ: "ಇದು ಬಾವಿ. ಇದನ್ನು ನೋಡಿದರೆ ಏನೂ ತಿಳಿಯುವುದಿಲ್ಲ. ಚನ್ನಪಟ್ಟಣಕ್ಕೆ ಬನ್ನಿ, ಒಳಗೆ ಬೆರಳು ಬಿಡಿ. ಕೈಗವಸು ಕೊಟ್ಟರೆ ಬೇಡವೆನ್ನಿ. ತಡೆದರೆ ಜಗಳ ಮಾಡಿ. ಹಾಲಿನಲ್ಲಿ ಭಾನುಪ್ರಿಯ ಎನ್ನುವವಳು ಇರುತ್ತಾಳೆ. ಅವಳನ್ನು ಕೂಗಿ. ಬೀಗದ ಕೈ ಅವಳ ಹತ್ತಿರ ಇದೆ."

ನಿನ್ನ
ಭಾನು